ಹುಳುವಿನ ಜ್ವರ, ಮಗುವಿನ ಜ್ವರ

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಬೆಚ್ಚಗೆ ಮಲಗುತ್ತಿದ್ದವು ರೇಷ್ಮೆಹುಳುಗಳು. ಇದನ್ನು ಹೇಳಿದರೆ ನನ್ನ ಸೊಸೆ ನಗುತ್ತಾಳೆ, ಅತ್ತೆಗೆ ಎಲ್ಲದಕ್ಕೂ ಉಪ್ಪುಖಾರ ಹಚ್ಚುವ ಚಾಳಿ ಎಂದುಕೊಳ್ಳುತ್ತಾಳೆ. ನಗಲಿ. ಬೈರಕೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ನಾನು ಹುಟ್ಟಿ ಬೆಳೆದ ಮನೆಗೆ ಮೂರೇ ಭಾಗ. ಬೀದಿಯ ಕಡೆಗೆ ಪಡಸಾಲೆ, ಹಿಂದೆ ಅಡುಗೆಮನೆ, ಇವೆರಡರ ಮಧ್ಯೆ ನಡುಮನೆ. ನಡುಮನೆಯ ಮಣ್ಣಿನ ಗೋಡೆ ದಪ್ಪ, ಇದ್ದದ್ದು ಒಂದೇ ಕಿಟಕಿ, ಬಾಗಿಲು ಹಾಕಿದರೆ ಮಾಗಿಯಲ್ಲೂ ಒಳಗೆ ಹಿತವಾಗಿರುತ್ತಿತ್ತು. ಅದನ್ನು ಕಟ್ಟಿಸಿದ ತಾತ ಮನುಷ್ಯರು ಮಲಗಲೆಂದೇ ಕಟ್ಟಿಸಿರಬೇಕು. ನಮ್ಮಪ್ಪ ಅದನ್ನು ಹುಳದ ಮನೆ ಮಾಡಿದ. ಹುಳು ದೊಡ್ಡದಾಗುತ್ತಿದ್ದಂತೆ ಬಿದಿರಿನ ತಟ್ಟೆಗಳು ನೆಲದಿಂದ ಅಟ್ಟದವರೆಗೆ ಏರುತ್ತಿದ್ದವು, ನಾವು ಚಾಪೆ ಸುತ್ತಿಕೊಂಡು ಪಡಸಾಲೆಗೆ ಇಳಿಯುತ್ತಿದ್ದೆವು. ಪಡಸಾಲೆಗೆ ಮೂರು ಕಡೆ ಗೋಡೆ, ನಾಲ್ಕನೆಯ ಕಡೆ ಗೋಣಿತಾಟು. ಅಲ್ಲಿ ಅಮ್ಮ, ನಾನು, ನನ್ನ ತಮ್ಮ ಸೀನ, ಇನ್ನೂ ಎದೆಹಾಲು ಬಿಡದ ತಂಗಿ ಲಕ್ಷ್ಮಿ, ನಾಲ್ಕು ಜನಕ್ಕೆ ಒಂದು ಕರಿ ಕಂಬಳಿ. ನಡುಮನೆಯಲ್ಲಿ ಹುಳುಗಳಿಗೆ ಎರಡು ಇದ್ದಿಲ ಕುಂಪಟಿ, ರಾತ್ರಿಯೆಲ್ಲ ನಿಗಿನಿಗಿ ಕೆಂಡ.

ಅಪ್ಪನನ್ನು ನಾವು ನಾಯನ ಎನ್ನುತ್ತಿದ್ದೆವು. ಆಂಧ್ರದ ಗಡಿಗೆ ಅಂಟಿಕೊಂಡ ಊರು. ಮನೆಯೊಳಗೆ ಅರ್ಧ ತೆಲುಗು, ಅರ್ಧ ಕನ್ನಡ. ನಾಯನನಿಗೆ ಎರಡೂ ಭಾಷೆಯಲ್ಲಿ ಬೈಯಲು ಬರುತ್ತಿತ್ತು, ಮುದ್ದು ಮಾಡಲು ಮಾತ್ರ ತೆಲುಗು. ಆ ಮುದ್ದೂ ನಮಗಲ್ಲ. ಬೆಳಗ್ಗೆ ಕಾಲು ತೊಳೆದುಕೊಂಡು, ಬಾಗಿಲಲ್ಲಿ ಚೆಲ್ಲಿದ ಸುಣ್ಣದ ಪುಡಿ ಮೆಟ್ಟಿಕೊಂಡು, ದೇವರ ಮನೆಗೆ ಹೋಗುವವನ ಹಾಗೆ ತಲೆ ಬಗ್ಗಿಸಿ ಹುಳದ ಮನೆಗೆ ಹೋಗುತ್ತಿದ್ದ. ತಟ್ಟೆಯ ಮೇಲೆ ಹಿಪ್ಪುನೇರಳೆ ಸೊಪ್ಪು ಹರಡುತ್ತಾ “ತಿನಂಡಿ ನಾಯನಾ, ತಿನಂಡಿ” ಎಂದು ಮೆಲ್ಲಗೆ ಹಾಡುವಂತೆ ಹೇಳುತ್ತಿದ್ದ. ತಿನ್ನಿ ಅಪ್ಪಾ, ತಿನ್ನಿ ಎಂದು. ಹುಳಕ್ಕೆ ಬಹುವಚನ! ಪಡಸಾಲೆಯಲ್ಲಿ ಮುದ್ದೆ ಮುರಿಯುತ್ತಿದ್ದ ನಮಗೆ “ತಿಂದು ಸಾಯ್ರೇ ಬಿರ್ನೆ, ಇಸ್ಕೂಲಿಗೆ ಹೊತ್ತಾಗ್ತೈತೆ.” ಹುಳು ಸೊಪ್ಪು ಮೇಯುವ ಸದ್ದು ಜಡಿಮಳೆ ಹೊಯ್ದಂತೆ ಇರುತ್ತದೆ ಎಂದು ರೇಷ್ಮೆ ಕಂಡವರೆಲ್ಲ ಹೇಳುತ್ತಾರೆ. ನನಗೆ ಮಾತ್ರ ಅದು ಹಲ್ಲಿಲ್ಲದ ಮುದುಕರು ಒಟ್ಟಿಗೆ ಕೂತು ಬಾಯಿ ಚಪ್ಪರಿಸಿದ ಹಾಗೆ ಕೇಳುತ್ತಿತ್ತು. ನಾಯನ ಆ ಸದ್ದು ಕೇಳಿಕೊಂಡೇ ನಿದ್ದೆ ಮಾಡುತ್ತಿದ್ದ, ತಟ್ಟೆಗಳ ಪಕ್ಕದಲ್ಲಿ, ಕುಂಪಟಿಯ ಕಾವಿನಲ್ಲಿ. ಕಾವಲು ಎಂದು ಅದಕ್ಕೆ ಹೆಸರು. ಹುಳುಗಳನ್ನು ಯಾರು ಹೊತ್ತುಕೊಂಡು ಹೋಗುತ್ತಿದ್ದರೋ ನನಗೆ ಗೊತ್ತಿಲ್ಲ.

ಈ ರಾಜ್ಯಕ್ಕೆ ಮಂತ್ರಿ ಅವ್ವ, ನಾಯನನ ತಾಯಿ. ಅಡುಗೆಮನೆಯ ಒಲೆಯ ಬದಿ ಅವಳದು. ಉಳಿದ ಜಾಗದಲ್ಲಿ ಸೌದೆ, ನೀರಿನ ಹಂಡೆ, ಒದ್ದೆ ಬಟ್ಟೆ ಮುಚ್ಚಿದ ಸೊಪ್ಪಿನ ರಾಶಿ. ಮೊಮ್ಮಕ್ಕಳಿಗೆ ಅಲ್ಲಿ ಜಾಗವಿಲ್ಲ, ಏಕೆಂದರೆ ಮೊಮ್ಮಕ್ಕಳು ಸೊಪ್ಪು ತುಳಿಯುತ್ತಾರೆ. ಅವ್ವನ ಬಾಯಲ್ಲಿ ಹುಳು ಅಂದರೆ ಲಕ್ಷ್ಮಿ, ದೇವರು, ಮನೆಗೆ ಬಂದ ಬೀಗರು. ಮುಟ್ಟಾದವರು ಬಾಗಿಲಿಗೆ ಬರಕೂಡದು, ಬೀಡಿ ಸೇದಿದವರು ಹೊಸಿಲು ದಾಟಕೂಡದು (ನಾಯನ ಹಿತ್ತಲಲ್ಲಿ ಸೇದಿ ಬಾಯಿ ಮುಕ್ಕಳಿಸಿ ಬಂದರೆ ಅದು ಲೆಕ್ಕಕ್ಕಿಲ್ಲ), ಮಕ್ಕಳು ಜೋರಾಗಿ ಅಳಕೂಡದು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ, ಒಗ್ಗರಣೆ ಹಾಕಕೂಡದು. ಬೆಳ್ಳುಳ್ಳಿ ಸಿಡಿದ ಘಾಟಿಗೆ ಹುಳು ಮೇವು ಬಿಡುತ್ತದಂತೆ. ಹುಳು ಸಾಕುವ ಬೇರೆ ಮನೆಗಳವರು ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಒಗ್ಗರಣೆ ಹಾಕಿಕೊಳ್ಳುತ್ತಿದ್ದರು. ನಮ್ಮವ್ವ ಅದಕ್ಕೂ ಒಪ್ಪಲಿಲ್ಲ, ಗಾಳಿ ತಿರುಗಿದರೆ ಏನು ಗತಿ ಎಂದಳು. ಮಾಗಿ ಎಂದರೆ ಅವರೆಕಾಯಿ ಕಾಲ. ಸೊಗಡಿನ ಅವರೆಕಾಯಿ ಬುಟ್ಟಿಬುಟ್ಟಿ ಬರುತ್ತಿತ್ತು, ಇಡೀ ಬೀದಿ ಹಿತಕಿದ ಬೇಳೆ ಸಾರಿನಿಂದ ಘಮಗುಟ್ಟುತ್ತಿತ್ತು. ನಮ್ಮ ಮನೆಯಲ್ಲಿ ಅದೇ ಬೇಳೆಯನ್ನು ನೀರಿನಲ್ಲಿ ಬೇಯಿಸಿ, ಉಪ್ಪು ಹಾಕಿ, ರೋಗಿಗೆ ಕೊಟ್ಟಂತೆ ಬಡಿಸುತ್ತಿದ್ದರು. ಊರವರು ಬಾಯಲ್ಲಿ ಉಣ್ಣುವುದನ್ನು ನಾವು ಮೂಗಿನಲ್ಲಿ ಉಣ್ಣುತ್ತಿದ್ದೆವು. ಲಕ್ಷ್ಮಿ ಎಂಬ ಹೆಸರನ್ನು ತಂಗಿಗೂ ಇಟ್ಟದ್ದು ಅವ್ವನೇ. ಮೊಮ್ಮಗಳ ಮೇಲಿನ ಅಕ್ಕರೆಯಿಂದಲ್ಲ, ಅವಳು ಹುಟ್ಟಿದ ವಾರ ರೇಷ್ಮೆಗೂಡಿಗೆ ಒಳ್ಳೆ ಬೆಲೆ ಬಂದಿತ್ತು.

ನಾನು ಹೇಳಲು ಹೊರಟ ಆ ವರ್ಷದ ಮಾಗಿಯಲ್ಲಿ ಮಂಜು ಯಾವತ್ತಿನಂತೆ ಬೆಳಗಾಗುತ್ತಲೇ ಹೋಗಲಿಲ್ಲ. ಶಾಲೆಯ ಗಂಟೆ ಹೊಡೆದ ಮೇಲೂ ಬೀದಿಯ ಆ ಬದಿ ಕಾಣುತ್ತಿರಲಿಲ್ಲ. ದೂರದ ಹೆದ್ದಾರಿಯಲ್ಲಿ ನಂಗಲಿ ಕಡೆ ಹೋಗುವ ಲಾರಿಗಳು ಕುರುಡರಂತೆ ಹಾರನ್ನು ಒತ್ತಿಕೊಂಡೇ ಹೋಗುತ್ತಿದ್ದವು. ಮಂಜಿನಲ್ಲಿ ನೆಂದ ಸೊಪ್ಪನ್ನು ಹುಳುವಿಗೆ ಹಾಕುವಂತಿಲ್ಲ. ಆದ್ದರಿಂದ ಬೆಳಗಾದರೆ ನನಗೂ ಸೀನನಿಗೂ ಹಳೆ ಸೀರೆಯ ಚೂರು ಕೊಟ್ಟು ಸೊಪ್ಪು ಒರೆಸಲು ಕೂರಿಸುತ್ತಿದ್ದರು. ಒಂದೊಂದೇ ಎಲೆ, ಮುಂದೆ ಹಿಂದೆ. ಬೆರಳು ಮರಗಟ್ಟಿ, ಆಮೇಲೆ ಶಾಲೆಯಲ್ಲಿ ಬಳಪ ಹಿಡಿದರೆ ಜಾರುತ್ತಿತ್ತು. ಸೀನ ಆ ವರ್ಷವೇ ಒಂದನೇ ತರಗತಿಗೆ ಸೇರಿದ್ದ. ಹಿಮ ಬೀಳುವ ದೇಶದ ಚಿತ್ರವನ್ನು ಮೇಷ್ಟ್ರು ತೋರಿಸಿದ್ದರಂತೆ. ಅಲ್ಲಿ ಮಕ್ಕಳು ಕೈಗೂ ಚೀಲ ಹಾಕಿಕೊಂಡಿದ್ದರಂತೆ, ತಲೆಗೂ ಚೀಲ ಹಾಕಿಕೊಂಡು ನಗುತ್ತಿದ್ದರಂತೆ. ಎಲೆ ಒರೆಸುತ್ತಾ ಅವ್ವನನ್ನು ಕೇಳಿದ.

“ಅವ್ವಾ, ಈ ಮಂಜು ಇನ್ನೂ ಜಾಸ್ತಿ ಆದ್ರೆ ನಮ್ಮೂರಲ್ಲೂ ಹಿಮ ಬೀಳ್ತದಾ?”

“ಬಿಡ್ತು ಅನ್ನು. ಬಿದ್ರೆ ಸೊಪ್ಪೆಲ್ಲಾ ಸುಟ್ಟೋಗ್ತದೆ. ಬಾಯ್ಮುಚ್ಕೊಂಡು ಒರ್ಸೋ.”

ಹುಳುಗಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತವೆ. ಆಗ ಮೇವು ಬಿಟ್ಟು ತಲೆಯೆತ್ತಿ ಸುಮ್ಮನೆ ಕೂರುತ್ತವೆ. ನಮ್ಮ ಕಡೆ ಅದನ್ನು ಜ್ವರ ಎನ್ನುತ್ತಾರೆ, ಒಂದನೇ ಜ್ವರ, ಎರಡನೇ ಜ್ವರ, ಹಾಗೆ. ನಾಲ್ಕನೇ ಜ್ವರಕ್ಕೆ ಹುಳು ಕೂತ ಸಂಜೆ ನಾಯನ ಪಡಸಾಲೆಗೆ ಬಂದು, ನಾವು ಹೊದ್ದು ಕೂತಿದ್ದ ಕಂಬಳಿಯ ಒಂದು ತುದಿ ಹಿಡಿದು ಎಳೆದ. ಆಟಕ್ಕೆ ಎಳೆಯುತ್ತಿದ್ದಾನೆ ಎಂದುಕೊಂಡು ಸೀನ ಇನ್ನೊಂದು ತುದಿ ಹಿಡಿದು ನಕ್ಕ. ನಮ್ಮ ಮನೆಯಲ್ಲಿ ಅಂಥ ಆಟ ಯಾವತ್ತು ನಡೆದಿತ್ತೋ ಪಾಪ, ಆದರೂ ನಕ್ಕ. ನಾಯನ ಕಂಬಳಿ ಕಿತ್ತುಕೊಂಡು ಹೋಗಿ ನಡುಮನೆಯ ಕಿಟಕಿಗೆ ಅಡ್ಡ ಕಟ್ಟಿ, ಸುತ್ತ ಸಂದು ಉಳಿಯದಂತೆ ಸಗಣಿ ಮೆತ್ತಿದ. ಅಮ್ಮ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಾಗಿಲಲ್ಲಿ ನಿಂತಳು.

“ಮಕ್ಳಿಗೆ ಏನ್ ಹೊದಿಸ್ಲಿ?”

“ಗೋಣಿಚೀಲ ಇಲ್ವಾ? ಒಂದೆರಡು ದಿನ ಕಣೇ. ಜ್ವರಕ್ಕೆ ಕೂತವೆ, ಥಂಡಿ ತಗುಲಿದ್ರೆ ಬೆಳೆಯೆಲ್ಲಾ ಹೋಗ್ತದೆ.”

ಅಮ್ಮ ಹೋಗಿ ಗೋಣಿಚೀಲ ತಂದಳು. ಅಮ್ಮ ಆ ಮನೆಯಲ್ಲಿ ಏನೂ ಹೇಳುತ್ತಿರಲಿಲ್ಲ. ಅದಕ್ಕಾಗಿ ನಾನು ಅವಳನ್ನೂ ಕೀಳಾಗಿಯೇ ನೋಡುತ್ತಿದ್ದೆ. ಒಂಬತ್ತು ವರ್ಷದ ಹುಡುಗಿಗೆ ತಾಳ್ಮೆಗೂ ಹೇಡಿತನಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಈಗಲೂ ನನಗೆ ಅಷ್ಟಾಗಿ ತಿಳಿದಿಲ್ಲ. ಗೋಣಿಚೀಲದಲ್ಲಿ ಹಿಂಡಿಯ ವಾಸನೆ, ಮೈಯೆಲ್ಲ ತುರಿಕೆ. ಬೆಳಗಾಗುವ ಹೊತ್ತಿಗೆ ಅದು ಮಂಜು ಕುಡಿದು ಭಾರವಾಗಿರುತ್ತಿತ್ತು. ಮಾರನೆಯ ದಿನ ಲಕ್ಷ್ಮಿಗೆ ಕೆಮ್ಮು ಶುರುವಾಯಿತು. ಸಂಜೆಯ ಹೊತ್ತಿಗೆ ಉಸಿರೆಳೆದರೆ ಎದೆಯ ಗೂಡು ಒಳಕ್ಕೆ ಹೋಗುತ್ತಿತ್ತು, ಮೂಗಿನ ಹೊಳ್ಳೆ ಹಕ್ಕಿಯ ರೆಕ್ಕೆಯಂತೆ ಬಡಿಯುತ್ತಿತ್ತು. ಮೈ ಮುಟ್ಟಿದರೆ ಸುಡುತ್ತಿತ್ತು. ಅಮ್ಮ ಹುಳದ ಮನೆಯ ಹೊಸಿಲ ಹೊರಗೇ ನಿಂತು ಹೇಳಿದಳು.

“ರೀ, ಜ್ವರ ಜಾಸ್ತಿ ಆಯ್ತು.”

ನಾಯನ ತಟ್ಟೆಯ ಮೇಲೆ ಬಗ್ಗಿದ್ದವನು ತಲೆಯೆತ್ತಲಿಲ್ಲ. “ಜಾಸ್ತಿ ಏನಿಲ್ಲ ಬಿಡು. ನಾಲ್ಕನೇದು ಹಿಂಗೇ ಇರ್ತದೆ. ನಾಳೆ ಹೊತ್ತಾರೆ ಏಳ್ತವೆ.”

“ಮಗೂಗೆ ರೀ.”

“ಯಾವ ಮಗೂಗೆ?”

ಈ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ. ಮೂರು ಮಕ್ಕಳ ತಂದೆ ಯಾವ ಮಗು ಎಂದು ಕೇಳುವುದರಲ್ಲಿ ತಪ್ಪೇನಿದೆ ಎಂದು ಯಾರಾದರೂ ನ್ಯಾಯ ಹೇಳಬಹುದು. ಅವನ ದನಿ ಕೇಳಿದ್ದರೆ ಹೇಳುತ್ತಿರಲಿಲ್ಲ. ಅಮ್ಮ ಮುಳಬಾಗಿಲಿನ ಆಸ್ಪತ್ರೆಗೆ ಹೋಗೋಣ ಎಂದಳು. ನಾಳೆ ಹುಳು ಜ್ವರ ಎದ್ದ ತಕ್ಷಣ ಹೊರೆಹೊರೆ ಸೊಪ್ಪು ಬೇಕು, ನಾನು ಆಸ್ಪತ್ರೆಯಲ್ಲಿ ಕೂತರೆ ಕೊಯ್ಯುವವರು ಯಾರು, ನಾಡಿದ್ದು ನೋಡೋಣ ಎಂದ ನಾಯನ. ಅವ್ವ ಒಲೆಯ ಬದಿಯಿಂದಲೇ ತೀರ್ಪು ಕೊಟ್ಟಳು.

“ಮೆಣಸಿನ ಕಷಾಯ ಕುಡ್ಸು, ಇಳೀತದೆ. ನಾನು ಏಳು ಹೆತ್ತಿದ್ದೀನಿ, ಒಂದಕ್ಕೂ ಆಸ್ಪತ್ರೆ ಬಾಗಿಲು ತೋರ್ಸಿಲ್ಲ.”

ಆ ಏಳರಲ್ಲಿ ಉಳಿದದ್ದು ಎರಡು.

ಮಾರನೆಯ ಬೆಳಗ್ಗೆ ನಾಯನ ಕುಡುಗೋಲು ತೆಗೆದುಕೊಂಡು ತೋಟಕ್ಕೆ ಹೋದ. ಅವನ ಬೆನ್ನು ಮಂಜಿನಲ್ಲಿ ಕರಗುವವರೆಗೆ ಅಮ್ಮ ಪಡಸಾಲೆಯಲ್ಲಿ ನಿಂತು ನೋಡಿದಳು. ಆಮೇಲೆ ಕಾಲು ತೊಳೆಯದೆ, ಸುಣ್ಣ ಮೆಟ್ಟದೆ, ನೇರವಾಗಿ ಹುಳದ ಮನೆಗೆ ನಡೆದಳು. ಕಿಟಕಿಗೆ ಕಟ್ಟಿದ್ದ ಕಂಬಳಿಯನ್ನು ಕಿತ್ತು ಹೊರತಂದು, ಸಗಣಿ ಕೊಡವಿ, ಲಕ್ಷ್ಮಿಯನ್ನು ಅದರಲ್ಲಿ ಸುತ್ತಿದಳು. ಮತ್ತೆ ಹೋಗಿ ಒಂದು ಕುಂಪಟಿಯನ್ನು ಹಳೆ ಬಟ್ಟೆಯಲ್ಲಿ ಹಿಡಿದು ತಂದು ನನ್ನ, ಸೀನನ ಮುಂದೆ ಇಟ್ಟಳು. ಅವ್ವ ಬಾಯಿ ಬಡಿದುಕೊಳ್ಳಲು ಶುರುಮಾಡಿದಳು. ಅಮ್ಮ ಅತ್ತ ತಿರುಗಿಯೂ ನೋಡದೆ ಒಲೆಯ ಮೇಲೆ ಬಾಂಡಲಿಯಿಟ್ಟು, ಎಣ್ಣೆ ಸುರಿದು, ಸಾಸಿವೆ, ಒಣಮೆಣಸಿನಕಾಯಿ, ಒಂದು ಹಿಡಿ ಜಜ್ಜಿದ ಬೆಳ್ಳುಳ್ಳಿ ಹಾಕಿದಳು. ಘಾಟು ಮನೆಯೆಲ್ಲ ಎದ್ದಿತು. ಅದನ್ನು ಹಿಂದಿನ ದಿನದ ಬೇಳೆಗೆ ಸುರಿದು ನನ್ನ ಮುಂದೆ ಪಾತ್ರೆ ಇಟ್ಟಳು.

“ಇಬ್ರೂ ಹೊಟ್ಟೆ ತುಂಬಾ ಉಣ್ರಿ. ನಾನು ಬರೋದು ತಡ ಆದ್ರೆ ತಮ್ಮನ್ನ ನೋಡ್ಕೊ ಕಣೇ.”

“ಲೇ, ಎಲ್ಲಿಗೆ ಹೊರಟ್ಯೇ? ಗಂಡ ಬರೋ ತನಕ ಇರ್ಬಾರ್ದಾ?” ಅವ್ವ ಹೊಸಿಲಿಗೆ ಅಡ್ಡ ಬಂದಳು.

“ದಾರಿ ಬಿಡು ಅತ್ತೆ” ಎಂದಳು ಅಮ್ಮ. ದನಿ ಏರಿಸಲಿಲ್ಲ. ಆದರೆ ಅವ್ವ ದಾರಿ ಬಿಟ್ಟಳು. ಮಗುವನ್ನು ಎತ್ತಿಕೊಂಡು ಅಮ್ಮ ಮಂಜಿನೊಳಕ್ಕೆ ನಡೆದಳು. ಮೂರು ಹೆಜ್ಜೆಗೆ ಅವಳು ಕಾಣಲಿಲ್ಲ, ಇನ್ನೂ ಸ್ವಲ್ಪ ಹೊತ್ತು ಕೆಮ್ಮು ಕೇಳಿಸಿತು. ಹೆದ್ದಾರಿಯವರೆಗೆ ನಡೆದಳಂತೆ. ಮುಳಬಾಗಿಲಿಗೆ ಹೋಗುತ್ತಿದ್ದ ಒಂದು ಟೊಮೇಟೊ ಲಾರಿಯವನು ಹತ್ತಿಸಿಕೊಂಡನಂತೆ. ಅದಕ್ಕಿಂತ ಹೆಚ್ಚಿಗೆ ಅವಳು ಯಾವತ್ತೂ ಹೇಳಿಲ್ಲ. ನಾನೂ ಸೀನನೂ ಬೆಂಕಿಯ ಮುಂದೆ ಕೂತು ಉಂಡೆವು. ತಂಗಿ ಸಾಯಬಹುದು ಎಂದು ನನಗೆ ಗೊತ್ತಿತ್ತು, ಆದರೂ ಅಷ್ಟು ರುಚಿಯಾದ ಊಟವನ್ನು ನಾನು ಆಮೇಲೆ ಯಾವ ಮದುವೆಯಲ್ಲೂ ಉಂಡಿಲ್ಲ.

ನಾಯನ ಸೊಪ್ಪಿನ ಹೊರೆ ಹೊತ್ತು ಬಂದಾಗ ಅವ್ವ ಬೀದಿಯಲ್ಲೇ ಎದುರಾಗಿ ಎಲ್ಲವನ್ನೂ ಒಪ್ಪಿಸಿದಳು. ಸೊಸೆ ಮಗುವನ್ನು ಎತ್ತಿಕೊಂಡು ಹೋದಳು ಎಂಬುದನ್ನು ಮೊದಲು ಹೇಳಿದಳು. ಕಂಬಳಿ, ಒಗ್ಗರಣೆಯ ಮಾತು ಆಮೇಲೆ. ಅಷ್ಟು ಮಟ್ಟಿಗೆ ಅವಳೂ ತಾಯಿಯೇ. ನಾಯನ ಹೊರೆಯನ್ನು ಇಳಿಸಿ ಹೆದ್ದಾರಿಯ ದಾರಿಯನ್ನೊಮ್ಮೆ ನೋಡಿದ, ಮನೆಯನ್ನೊಮ್ಮೆ ನೋಡಿದ. ನಾನು ಪಡಸಾಲೆಯ ಕಂಬ ಹಿಡಿದುಕೊಂಡು ಅವನ ಕಾಲುಗಳನ್ನೇ ನೋಡುತ್ತಿದ್ದೆ. ಕಾಲು ಯಾವ ಕಡೆ ತಿರುಗುತ್ತದೆ ಎಂದು ನೋಡುತ್ತಿದ್ದೆ. ಅವನು ಹಂಡೆಯ ಬಳಿ ಹೋಗಿ ಕಾಲು ತೊಳೆದುಕೊಂಡು ಹುಳದ ಮನೆಗೆ ಹೋದ. ಅವತ್ತಿನಿಂದ ಅವನು ಸಾಯುವವರೆಗೆ ನಾನು ಅವನ ಜೊತೆ ಎಷ್ಟೋ ಮಾತಾಡಿದ್ದೇನೆ, ಹಬ್ಬಕ್ಕೆ ಪಂಚೆ ಕೊಡಿಸಿದ್ದೇನೆ, ಕಣ್ಣಿನ ಪೊರೆ ತೆಗೆಸಿದ್ದೇನೆ. ಆದರೆ ಅವನನ್ನು ಅಪ್ಪ ಎಂದು ಎಣಿಸುವುದನ್ನು ಆ ಕಂಬದ ಬಳಿ ನಿಲ್ಲಿಸಿದೆ.

ಹುಳು ಜ್ವರ ಏಳಲಿಲ್ಲ. ಎದ್ದ ಕೆಲವು ಮೇವು ಮುಟ್ಟಲಿಲ್ಲ. ಆಮೇಲೆ ಒಂದೊಂದೇ ಸತ್ತು, ಸೆಟೆದು, ಬಳಪದ ಕಡ್ಡಿಯಂತೆ ಬೆಳ್ಳಗಾದವು. ಸುಣ್ಣಕಟ್ಟು ರೋಗ. ತಟ್ಟೆ ಅಲ್ಲಾಡಿಸಿದರೆ ಟಕಟಕ ಸದ್ದು. ಸರ್ಕಾರದ ರೇಷ್ಮೆ ಇಲಾಖೆಯವರೊಬ್ಬರು ಸೈಕಲ್ಲಿನಲ್ಲಿ ಬಂದು, ಕಿಟಕಿಯ ಸುತ್ತ ಮೆತ್ತಿದ್ದ ಸಗಣಿ ನೋಡಿ, ಇದೇನು ಹೀಗೆ ಗಾಳಿಯಾಡದ ಹಾಗೆ ಮುಚ್ಚಿದ್ದೀರಿ, ತೇವ ನಿಂತರೆ ಈ ರೋಗ ಬಾರದೆ ಇನ್ನೇನು ಎಂದರು. ಕಂಬಳಿ ಕೀಳುವ ಮೊದಲೇ ರೋಗ ಹತ್ತಿತ್ತು ಎಂದರು. ನಾಯನ ಕೈಕಟ್ಟಿ ನಿಂತು ಹೌದು ಸ್ವಾಮಿ, ಹೌದು ಸ್ವಾಮಿ ಎಂದ. ಅವರ ಸೈಕಲ್ಲು ಬೀದಿ ದಾಟಿದ ಮೇಲೆ ಪಕ್ಕದ ಮನೆಯವನಿಗೆ ಹೇಳಿದ್ದು ಬೇರೆ.

“ಒಗ್ಗರಣೆ ಘಾಟು ಕಣಯ್ಯಾ. ಹೆಂಗಸರ ಕೈಲಿ ಮನೆ ಬಿಟ್ರೆ ಇಷ್ಟೇ.”

ಹಿತ್ತಲಲ್ಲಿ ಗುಂಡಿ ತೋಡಿ ಹುಳುಗಳನ್ನು ಹೂತ ಮೇಲೆ ಅವನಿಗೆ ಮಗಳ ನೆನಪಾಯಿತು. ನನ್ನನ್ನೂ ಸೀನನನ್ನೂ ಕರೆದುಕೊಂಡು ಮುಳಬಾಗಿಲಿಗೆ ಬಸ್ಸು ಹತ್ತಿದ. ಆಸ್ಪತ್ರೆಯ ಉದ್ದನೆಯ ಕೋಣೆಯಲ್ಲಿ ಅಮ್ಮ ಮಂಚದ ತುದಿಯಲ್ಲಿ ಕೂತಿದ್ದಳು. ಕಂಬಳಿಯೊಳಗೆ ಲಕ್ಷ್ಮಿ ನಿದ್ದೆ ಮಾಡುತ್ತಿದ್ದಳು; ಉಸಿರು ಸಮನಾಗಿತ್ತು. ಒಂದು ದಿನ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ನರ್ಸಮ್ಮ ಹೇಳಿದ್ದರು. ನಾಯನ ಮಂಚದ ಹತ್ತಿರ ಹೋದವನು ಕಂಬಿ ಹಿಡಿದುಕೊಂಡು ಇದ್ದಕ್ಕಿದ್ದಂತೆ ಗೊಳೋ ಎಂದು ಅತ್ತ. “ಎಲ್ಲಾ ಹೋಯ್ತಲ್ಲೇ, ಎಲ್ಲಾ ಹೋಯ್ತಲ್ಲೇ” ಎಂದು ಬಿಕ್ಕಿದ. ಏನು ಹೋಯಿತು ಎಂದು ಅಮ್ಮನಿಗೆ ಗೊತ್ತಾಯಿತು, ನನಗೂ ಗೊತ್ತಿತ್ತು. ಪಕ್ಕದ ಮಂಚದ ಮುದುಕಿಗೆ ಗೊತ್ತಾಗಲಿಲ್ಲ. ಅವಳು ಎದ್ದು ಬಂದು ನಾಯನನ ಬೆನ್ನು ಸವರಿದಳು.

“ಅಳಬೇಡಪ್ಪಾ, ಮಗು ಹುಷಾರಾಗೈತೆ. ನೋಡ್ರಮ್ಮಾ, ಹೆಣ್ಣುಮಗೂಗೆ ಹಿಂಗೆ ಅಳೋ ಅಪ್ಪನ್ನ ನಾನು ನೋಡೇ ಇಲ್ಲ. ಪುಣ್ಯ ಮಾಡಿತ್ತು ಕೂಸು.”

ಮಂಚಮಂಚದಿಂದ ಜನ ತಿರುಗಿ ನೋಡಿದರು. ನಾಯನ ಅಳು ನಿಲ್ಲಿಸಿ ಮುದುಕಿಯ ಮುಖ ನೋಡಿದ, ಸುತ್ತ ನೋಡಿದ, ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡ. ಅಲ್ಲ ಎನ್ನಲಿಲ್ಲ. ಇನ್ನೂ ಸ್ವಲ್ಪ ಅತ್ತ.

ಮನೆಗೆ ಬಂದ ದಿನವೇ ಅಮ್ಮ ಮಕ್ಕಳ ಚಾಪೆಗಳನ್ನು ನಡುಮನೆಯಲ್ಲಿ ಹಾಸಿದಳು. ಆ ಕೋಣೆಗೆ ಮತ್ತೆ ಹುಳು ಬರಲಿಲ್ಲ. ನಾಯನ ಹಿತ್ತಲಲ್ಲಿ ಒಂದು ಚಪ್ಪರ ಎಬ್ಬಿಸಿಕೊಂಡ, ಕೆಲವು ವರ್ಷದ ಮೇಲೆ ರೇಷ್ಮೆ ಬಿಟ್ಟು ತರಕಾರಿ ಹಾಕಿದ. ಯಾರೂ ಜಗಳವಾಡಲಿಲ್ಲ, ಯಾರೂ ತಪ್ಪು ಒಪ್ಪಿಕೊಳ್ಳಲಿಲ್ಲ. ನಮ್ಮ ಮನೆಯ ರೀತಿಯೇ ಅದು. ಆದರೆ ಆಸ್ಪತ್ರೆಯ ಆ ಅಳು ವ್ಯರ್ಥವಾಗಲಿಲ್ಲ. ಮೊದಮೊದಲು ನಾಯನ ಊರಲ್ಲಿ, “ನಮ್ಮ ಲಕ್ಷ್ಮಿಗೋಸ್ಕರ ಆಸ್ಪತ್ರೇಲಿ ಅತ್ತುಬಿಟ್ಟೆ ಕಣಯ್ಯಾ” ಎನ್ನುತ್ತಿದ್ದ. ಆಮೇಲೆ ತಾನೂ ಜೊತೆಗೆ ಹೋಗಿದ್ದೆ ಎಂದ. ಲಕ್ಷ್ಮಿಗೆ ಕತೆ ಕೇಳುವ ವಯಸ್ಸಾಗುವ ಹೊತ್ತಿಗೆ, ಅವಳನ್ನು ಕಂಬಳಿಯಲ್ಲಿ ಸುತ್ತಿ ಹೆಗಲ ಮೇಲೆ ಹಾಕಿಕೊಂಡು, ಹುಳು ಹಾಳಾಗಿ ಹೋಗಲಿ ಎಂದು ಬಿಟ್ಟು, ಮಂಜಿನಲ್ಲಿ ಹೆದ್ದಾರಿಯವರೆಗೆ ಓಡಿದವನು ತಾನೇ ಆಗಿದ್ದ. ಲಾರಿಗೆ ಅಡ್ಡ ನಿಂತು ಕೈ ಚಾಚಿದ್ದನಂತೆ. ಅಮ್ಮ ಪಕ್ಕದಲ್ಲೇ ಕೂತು ರಾಗಿ ಕೇರುತ್ತಿದ್ದಳು, ಮೊರದ ಸದ್ದು ಒಂದು ಸಲವೂ ತಪ್ಪುತ್ತಿರಲಿಲ್ಲ. ಲಕ್ಷ್ಮಿ ಆ ಮನುಷ್ಯನನ್ನು ದೇವರಂತೆ ಕಂಡಳು. ಕೊನೆಯ ವರ್ಷಗಳಲ್ಲಿ ಅವನನ್ನು ತನ್ನ ಮನೆಗೇ ಕರೆದುಕೊಂಡು ಹೋಗಿ, ಗಂಟೆಗೊಮ್ಮೆ ಕಾಫಿ ಕೊಟ್ಟು, ಕಾಲು ಒತ್ತಿ, ಮಗುವಿನಂತೆ ನೋಡಿಕೊಂಡಳು. ಸಾಯುವಾಗ ಅವನ ತಲೆ ಅವಳ ತೊಡೆಯ ಮೇಲಿತ್ತು. ಅಷ್ಟು ಸುಖದ ಸಾವು ಎಂಥೆಂಥವರಿಗೆ ಬರುತ್ತದೆ!

ತಿಥಿಯ ದಿನ ಊಟಕ್ಕೆ ಎಲೆ ಹಾಕಿದ್ದರು. ನೆಂಟರೆಲ್ಲ ಸಾಲಾಗಿ ಕೂತಿದ್ದರು. ಲಕ್ಷ್ಮಿ ನಡುವೆ ನಿಂತು, ಅಳುತ್ತಾ, ಆ ಕತೆಯನ್ನು ಇನ್ನೊಮ್ಮೆ ಹೇಳಿದಳು. ಕಂಬಳಿ, ಮಂಜು, ಹೆದ್ದಾರಿ, ಲಾರಿ. ಕೇಳಿದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಸೀನ ತನ್ನ ಎಲೆಯನ್ನೇ ನೋಡುತ್ತಾ ಕೂತ. ಅವನು ಯಾವತ್ತೂ ಜಾಣ. ನಾನು ಸಾರಿನ ಬಕೆಟ್ಟು ಹಿಡಿದುಕೊಂಡು ನಿಂತಿದ್ದೆ. “ಲಕ್ಷ್ಮೀ, ನಿನ್ನ ಎತ್ಕೊಂಡು ಹೋದವರು...” ಎಂದು ಬಾಯಿ ತೆರೆದೆ. ಗೋಡೆಗೆ ಒರಗಿ ಕೂತಿದ್ದ ಅಮ್ಮ, ಎಂಬತ್ತು ದಾಟಿದ, ಅರ್ಧ ಕಿವುಡಿ ಎಂದು ನಾವೆಲ್ಲ ನಂಬಿದ್ದ ಅಮ್ಮ, ನನ್ನ ಸೆರಗು ಹಿಡಿದು ಜಗ್ಗಿದಳು.

“ಹೌದು, ಅವತ್ತು ಮಂಜು ಜಾಸ್ತಿ ಇತ್ತು” ಎಂದಳು, ಎಲ್ಲರಿಗೂ ಕೇಳುವಂತೆ. “ಎಲೆ ಖಾಲಿ ಐತೆ ನೋಡು, ಸಾರು ಬಡ್ಸು.”

ಬಡಿಸಿದೆ. ನೆಂಟರು ಕೈ ತೊಳೆಯಲು ಎದ್ದು ಹೋದ ಮೇಲೆ ಅವಳ ಪಕ್ಕದಲ್ಲಿ ಕೂತು ಕೇಳಿದೆ, “ಯಾಕಮ್ಮಾ? ಇನ್ನಾದ್ರೂ ಹೇಳ್ಬಾರ್ದಾ? ಸುಳ್ಳಿಗೆ ಅಷ್ಟೊಂದು ಅಳ್ತಾಳಲ್ಲ ಅವಳು?”

ಅಮ್ಮ ಬಾಯಲ್ಲಿದ್ದ ಎಲೆಅಡಿಕೆಯನ್ನು ಇನ್ನೊಂದು ದವಡೆಗೆ ಸರಿಸಿದಳು.

“ಅವಳಿಗಾದ್ರೂ ಒಬ್ಬ ಅಪ್ಪ ಇರ್ಲಿ ಬಿಡೇ” ಎಂದಳು. “ನಿಂಗಂತೂ ಯಾರೂ ಸರಿಬರಲ್ಲ.”